ಶಿವಣ್ಣ ಗಿಲಾವು ಮಾಡಿದ ಮನೆ

ಅವತ್ತು ಭಾನುವಾರ. ನೆನೆಸಿದ ಅವರೆಕಾಳು ಹಿದುಕುತ್ತಾ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಹಿದುಕಿದ ಬೇಳೆ ಸಾರು ಅಂದರೆ ನಮ್ಮ ಯಜಮಾನರಿಗೆ ಪ್ರಾಣ. ನಾಲ್ಕು ಕಾಳು ಹಿದುಕಿಕೊಡಿ ಅಂದರೆ ಮಾತ್ರ ಹೆಬ್ಬೆರಳು ನೋಯುತ್ತದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕೈತುಂಬ ಅವರೆಯ ಸೊಗಡು. ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

“ಅಕ್ಕೋ, ಮನೆ ಸಿಕ್ಬುಡ್ತು ಕಣಕ್ಕ!”

ಪಿರಿಯಾಪಟ್ಟಣದ ಮಂಜುಳ. ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿಯಲ್ಲಿ ಇಡ್ಲಿ, ಚಿತ್ರಾನ್ನ ಮಾರುವವಳು. ಅವಳ ಗಂಡ ಶಿವಣ್ಣ ಗಾರೆ ಮೇಸ್ತ್ರಿ. ಊರಿನವರಿಗೆಲ್ಲ ಮನೆ ಕಟ್ಟಿ, ಗೋಡೆಗೆ ಗಿಲಾವು ಬಳಿದುಕೊಟ್ಟು ತಾನು ಬಾಡಿಗೆ ಮನೆಯಲ್ಲಿ ಇರುವವನು. ನಾನು ಕೆಲಸ ಮಾಡುತ್ತಿದ್ದ ಕಂಪನಿಯಿಂದ ಮನೆ ಸಾಲ ಬೇಕೆಂದು ಹಿಂದಿನ ವಾರವಷ್ಟೇ ನನ್ನೊಡನೆ ಮಾತಾಡಿದ್ದರು. ಅರ್ಜಿಯನ್ನೇ ಇನ್ನೂ ಕೊಟ್ಟಿರಲಿಲ್ಲ.

“ಯಾವ ಮನೆಯವ್ವಾ?”

“ಇವರೇ ಗಿಲಾವು ಮಾಡಿದ್ರಲ್ಲ, ನಂಜೇಗೌಡ್ರ ಮನೆ! ಗೌಡ್ರು ಮೈಸೂರು ರಸ್ತೇಲಿ ದೊಡ್ಡದು ಕಟ್ಟವ್ರೆ, ಇದನ್ನ ಮಾರ್ತವ್ರೆ. ಮಾರಮ್ಮನ ಗುಡೀಲಿ ಕೇಳಿದ್ವಿ, ಅಮ್ಮ ಬಲಗಡೆ ಹೂ ಕೊಟ್ಬುಟ್ಳು! ಸಂಜೆ ಎಲೆ ಅಡಿಕೆ ಇಟ್ಟು ಅಡ್ವಾನ್ಸ್ ಕೊಟ್ಬುಡ್ತೀವಿ.”

ನನ್ನ ಕೈಯಲ್ಲಿದ್ದ ಕಾಳು ಹಾರಿ ಗೋಡೆಗೆ ಬಡಿಯಿತು. “ಕೊಡಬ್ಯಾಡ ಕಣವ್ವಾ! ನಾ ಬರೋಗಂಟ ಒಂದು ಎಲೆನೂ ಇಡಬ್ಯಾಡ!”

ನಮ್ಮ ಕಡೆ ಎಲೆ ಅಡಿಕೆಯ ಮೇಲೆ ದುಡ್ಡು ಇಟ್ಟು ಕೊಟ್ಟರೆ ಮಾತು ಮುಗಿಯಿತು. ಚೀಟಿಯಿಲ್ಲ, ರಸೀದಿಯಿಲ್ಲ. ಆಮೇಲೆ ಸಾಲ ಸಿಗಲಿಲ್ಲ ಎಂದರೆ ಕೊಟ್ಟ ದುಡ್ಡು ವಾಪಸು ಕೇಳುವಂತಿಲ್ಲ. ಮಂಜುಳ ಕೊಡಲು ಹೊರಟಿದ್ದು ಏನನ್ನು ಗೊತ್ತೇ? ಅವಳ ತವರಿನ ಜುಮುಕಿ ಮಾರಿದ ದುಡ್ಡು, ಅದರ ಜೊತೆಗೆ ವರ್ಷಗಟ್ಟಲೆ ಕಟ್ಟಿದ ಚೀಟಿ ದುಡ್ಡು. ಅದು ಹೋದರೆ ಆ ಗಂಡ ಹೆಂಡತಿಗೆ ಈ ಜನ್ಮದಲ್ಲಿ ಸ್ವಂತ ಮನೆ ಇಲ್ಲ.

ಎದ್ದೆ. ಯಜಮಾನರು ಬೋಗುಣಿ ನೋಡಿ, “ಸಾರು?” ಅಂದರು.

“ಮಿಕ್ಕಿದ್ದು ನೀವು ಹಿದುಕಿ.”

ಅವರು ಬೋಗುಣಿ ನೋಡಿದರು, ನನ್ನ ನೋಡಿದರು. “ನಡಿ ನಡಿ, ಟಿವಿಎಸ್ಸಲ್ಲಿ ಬಸ್ ಸ್ಟ್ಯಾಂಡಿಗೆ ಬುಡ್ತೀನಿ. ಅದೇ ವಾಸಿ.”

ದೇವರು ದೊಡ್ಡವನು, ಹುಣಸೂರು ಸ್ಟ್ಯಾಂಡಿಗೆ ಕಾಲಿಟ್ಟ ಕೂಡಲೇ ಬಸ್ಸು ಸಿಕ್ಕಿತು. ಅದೂ ಕಿಟಕಿ ಪಕ್ಕದ ಸೀಟು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲದ ಕಾಲ ಇದು, ಆ ಪುಣ್ಯವನ್ನೂ ನೆನೆದೆ.

ಈಗ ಈ ಕೆಲಸಕ್ಕೆ ಬರುತ್ತಿರುವ ಹೆಣ್ಣುಮಕ್ಕಳು ಕೇಳುತ್ತಾರೆ, “ಆಂಟಿ, ನೀವು ಆಗ ಈ ಕೆಲಸ ಹೇಗೆ ಮಾಡ್ತಿದ್ರಿ?” ಎಂದು. ಮನೆ ಸಾಲ ಕೊಡುವ ಒಂದು ಕಂಪನಿಯ ಶಾಖೆ ಹುಣಸೂರಿನಲ್ಲಿ ತೆರೆದಾಗ, ಊರೂರಿಗೆ ಹೋಗಿ ಜನರ ಮನೆ, ದುಡಿಮೆ ನೋಡಿ ಬರಲು ನನ್ನಂಥ ಗೃಹಿಣಿಯರನ್ನು ತೆಗೆದುಕೊಂಡರು. ಕೆಲಸದ ಹೆಸರು ಇಂಗ್ಲಿಷಿನಲ್ಲಿ ಉದ್ದಕ್ಕಿತ್ತು. ಜನ ಕರೆಯುತ್ತಿದ್ದುದು ‘ಸಾಲದಕ್ಕ’ ಅಂತ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಯಜಮಾನರಿಗೆ ಮುದ್ದೆ ತೊಳಸಿಟ್ಟು ಹೊರಟರೆ ಒಂದು ದಿನ ಎಚ್.ಡಿ. ಕೋಟೆ, ಇನ್ನೊಂದು ದಿನ ಕೆ.ಆರ್. ನಗರ. ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟೆ.

ನನ್ನ ಮೊದಲ ಸಾಹೇಬರು ವಯಸ್ಸಾದವರು. ಮೊದಲ ದಿನವೇ ಹೇಳಿದರು: “ಜಯಮ್ಮ, ಹೋದ ಮನೇಲಿ ನಡುಮನೆಯಲ್ಲಿ ಕೂರಬೇಡಿ. ಒಲೆ ಮುಂದೆ ಕೂತುಕೊಳ್ಳಿ.” ನಡುಮನೆಯಲ್ಲಿ ಎಲ್ಲರೂ ದೊಡ್ಡ ಮಾತೇ ಆಡುತ್ತಾರಂತೆ. ಒಲೆಯ ಮುಂದೆ ಕೂತರೆ ತಿಂಗಳ ಕೊನೆಗೆ ಬೇಳೆ ಡಬ್ಬಿಯಲ್ಲಿ ಎಷ್ಟಿದೆ, ಗ್ಯಾಸು ಮುಗಿದರೆ ಏನು ಮಾಡುತ್ತಾರೆ, ಗಂಡ ದುಡಿದಿದ್ದು ಮನೆಗೆ ಬರುತ್ತದೋ ದಾರಿಯಲ್ಲೇ ಕರಗುತ್ತದೋ ಎಲ್ಲ ಗೊತ್ತಾಗುತ್ತದೆ. ನನಗಂತೂ ಅದು ಕಲಿಯಬೇಕಾದ ವಿದ್ಯೆಯೇ ಆಗಿರಲಿಲ್ಲ. ಖುಷಿಯೋ ಖುಷಿ! ಅಡುಗೆಮನೆಯಲ್ಲಿ ಕೂತು ಹರಟುವುದಕ್ಕೆ ಸಂಬಳ!

ಹಾಗೆಂದು ಎಲ್ಲರೂ ಕೈಮುಗಿದು ಕರೆಯುತ್ತಿದ್ದರು ಎಂದುಕೊಳ್ಳಬೇಡಿ. ವೀರನಹೊಸಹಳ್ಳಿ ಕಡೆ ಕಾಡಂಚಿನ ಬುಡಕಟ್ಟು ಜನರ ಒಂದು ಹಾಡಿಗೆ ಹೋಗಿದ್ದೆ. ಅಲ್ಲೊಬ್ಬ ಅಜ್ಜಿ ನನ್ನ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡು, ಎಲೆ ಉಗಿದು ಬಂದು ಹೇಳಿದಳು: “ನಮ್ ಮಗೀನ ಎಣ್ಣು ಕೇಳಕ್ ಬಂದೋರೂ ಇಷ್ಟು ಕೇಳ್ನಿಲ್ಲ ಕಣವ್ವ. ನೀನೇನು ಸಾಲ ಕೊಟ್ಟೀಯಾ, ಮದ್ವೆ ಮಾಡ್ಕಂಡೀಯಾ?” ನಾನೂ ನಕ್ಕೆ, ಆದರೆ ಅಜ್ಜಿಯ ಮಾತು ಸುಳ್ಳಲ್ಲ. ಮನೆ ಸಾಲವೂ ಒಂದು ಸಂಬಂಧವೇ. ಹುಡುಗಿ ಒಪ್ಪಿಗೆಯಾದ ಮೇಲೆ ಛತ್ರ ನೋಡುತ್ತಾರೆ. ನಮ್ಮ ಜನ ಮಾತ್ರ ಮೊದಲು ಛತ್ರಕ್ಕೆ ದುಡ್ಡು ಕಟ್ಟಿ, ಆಮೇಲೆ ಹುಡುಗಿ ಹುಡುಕಲು ಹೊರಡುತ್ತಾರೆ. ಮನೆ ಕಣ್ಣಿಗೆ ಬಿದ್ದರೆ ಮುಗಿಯಿತು, ಗುಡಿಗೆ ಓಡು, ಹೂ ಕೇಳು, ಎಲೆ ಇಡು. ಬ್ಯಾಂಕು ಕಟ್ಟಕಡೆಗೆ.

ಪಿರಿಯಾಪಟ್ಟಣದಲ್ಲಿ ಇಳಿದು ಸೀದಾ ಆ ಮನೆಗೇ ಹೋದೆ. ಶಿವಣ್ಣ ಹೊರಗೋಡೆಯ ಮೇಲೆ ಅಂಗೈ ಆಡಿಸುತ್ತಾ ನಿಂತಿದ್ದ, ಹಸುವಿನ ಮೈ ಸವರುವ ಹಾಗೆ.

“ನೋಡಕ್ಕ, ಒಂದು ಬಿರುಕು ತೋರ್ಸು ನೋಡನ! ಕ್ಯೂರಿಂಗಿಗೆ ನಾನೇ ನಿಂತು ನೀರು ಉಯ್ದಿವ್ನಿ. ಆಗ ಅನ್ಕಂತಿದ್ದೆ, ಯಾವ ಪುಣ್ಯಾತ್ಮನಿಗೋ ಇದು ಅಂತ.”

ನಿಜಕ್ಕೂ ಚೆಂದದ ಮನೆ. ಪುಟ್ಟ ದೇವರಮನೆ, ಹಿತ್ತಲಲ್ಲಿ ಕರಿಬೇವಿನ ಗಿಡ, ಗಾಡಿ ನಿಲ್ಲಿಸಲು ಜಾಗ. ನನಗೇ ಎಲೆ ಇಟ್ಟುಬಿಡೋಣ ಅನ್ನಿಸಿತು! ಆದರೂ ಹೇಳಿದೆ: “ಮೊದಲು ಸಾಲ ಎಷ್ಟು ಸಿಕ್ಕುತ್ತೆ ಅಂತ ಕಾಗದ ಕೈಗೆ ಬರಲಿ ಶಿವಣ್ಣ. ಆಮೇಲೆ ಅಡ್ವಾನ್ಸು.”

ಅವನಿಗೆ ಸಿಟ್ಟು ಬಂತು. “ಅಮ್ಮನೇ ಊ ಕೊಟ್ಟವ್ಳೆ. ಕಂಪನಿಯೋರು ಯಾರಕ್ಕ ನಡುವೆ?”

ಇದು ನನಗೂ ಕಷ್ಟದ ಪ್ರಶ್ನೆ. ಹೂವು ಕೇಳದೆ ಒಂದು ಕೆಲಸಕ್ಕೂ ಕೈಹಾಕದ ಹೆಂಗಸು ನಾನು. ತಾಯಿಯ ಮಾತಿಗೆ ಎದುರಾಡಲು ನನಗೆಲ್ಲಿಯ ಬಾಯಿ? ಒಂದು ಗಳಿಗೆ ಕಣ್ಣುಮುಚ್ಚಿ ನಿಂತೆ. ಮಾತು ಅವಳೇ ಕೊಟ್ಟಳು.

“ಏನಂತ ಕೇಳಿದ್ರಿ ಅಮ್ಮನ್ನ?”

“ಈ ಮನೆ ನಮ್ಗೆ ಆಯ್ತದಾ ಅಂತ.”

“ಆಯ್ತದೆ ಅಂದ್ಲು. ಇವತ್ತೇ ದುಡ್ಡು ಕೊಡಿ ಅಂದ್ಲಾ?”

ಮಂಜುಳ ಕಿಸಕ್ಕನೆ ನಕ್ಕುಬಿಟ್ಟಳು. “ಅದನ್ನ ನಾವು ಕೇಳೇ ಇಲ್ಲ ಕಣಕ್ಕ!”

ನಂಜೇಗೌಡರಿಗೆ ವಿಷಯ ತಿಳಿಸಿದಾಗ ಅವರು ಮೀಸೆಯಡಿ ನಕ್ಕರು. “ನೋಡ್ಲಾ ಮೇಸ್ತ್ರಿ, ನಾನು ಯಾರ್ಗೂ ಕಾಯಾಕಿಲ್ಲ. ಮೊದ್ಲು ಎಲೆ ಇಟ್ಟೋನ್ಗೆ ಮನೆ.”

ಮರುದಿನವೇ ಅರ್ಜಿ ಹಾಕಿಸಿದೆ. ಆ ಹೊತ್ತಿಗೆ ನಮ್ಮ ಶಾಖೆಗೆ ಹೊಸ ಮ್ಯಾನೇಜರು ಬಂದಿದ್ದರು, ಕಿರಣ್ ಸರ್, ನನ್ನ ಮಗನ ವಯಸ್ಸು. ಹಳೆಯ ಸಾಹೇಬರ ಕಾಲದಲ್ಲಿ ನಾನು ಹೇಳಿದ್ದೇ ಸಾಕ್ಷಿ. ಈಗ ಎಲ್ಲ ಟ್ಯಾಬ್‌ನಲ್ಲಿ. ನಿಂತ ಜಾಗವೂ ಅದಕ್ಕೆ ಗೊತ್ತಾಗುತ್ತದೆ, ಮನೆಯಲ್ಲಿ ಕೂತು ‘ಹೋಗಿ ಬಂದೆ’ ಅನ್ನುವಂತಿಲ್ಲ. ಮೊದಮೊದಲು ಆ ಟ್ಯಾಬ್ ಕಂಡರೆ ಬಿಸಿ ಬಾಣಲೆ ಮುಟ್ಟುವಂತೆ ಮುಟ್ಟುತ್ತಿದ್ದೆ. ಒಂದು ಸಲ ಗಿರಾಕಿಯ ಫೋಟೋ ತೆಗೆಯಲು ಹೋಗಿ ನನ್ನ ಮೂಗಿನದೇ ತೆಗೆದು ಕಳಿಸಿದ್ದೆ. ಮೈಸೂರಿನ ಆಫೀಸಿನವರು ‘ಅರ್ಜಿದಾರರ ಮುಖ ಪೂರ್ತಿ ಕಾಣುತ್ತಿಲ್ಲ’ ಎಂದು ಬರೆದಿದ್ದರು! ಕಿರಣ್ ಸರ್ ನಗದೆ ಕೂತು ಹೇಳಿಕೊಟ್ಟರು. ಅಂಥ ಮೇಲಧಿಕಾರಿ ಸಿಕ್ಕಿದ್ದೂ ಒಂದು ಭಾಗ್ಯವೇ.

ಮಂಜುಳನ ದುಡಿಮೆ ನೋಡಲು ಬೆಳಿಗ್ಗೆ ಅವರನ್ನೇ ಗಾಡಿಯ ಹತ್ತಿರ ಕರೆದುಕೊಂಡು ಹೋದೆ. ಸಂಬಳದ ಚೀಟಿ ಇಲ್ಲದವರ ಆದಾಯ ತೋರಿಸುವುದು ಹಿಂದೆ ದೊಡ್ಡ ತಾಪತ್ರಯ. ಈಗ ಗಾಡಿಗೆ ನೇತುಹಾಕಿದ ಸ್ಕ್ಯಾನರ್ ಇದೆ, ಪಕ್ಕದಲ್ಲಿ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗುವ ಪುಟ್ಟ ಪೆಟ್ಟಿಗೆ ಇದೆ. ಅವತ್ತು ಅದು ಬಾಯಿ ಮುಚ್ಚಲೇ ಇಲ್ಲ. ಹೊಗೆಸೊಪ್ಪಿನ ಮಾರ್ಕೆಟ್ಟಿಗೆ ಹೋಗುವವರು, ಶಾಲೆ ಮೇಷ್ಟ್ರುಗಳು, ಡ್ರೈವರುಗಳು ಸಾಲುಗಟ್ಟಿ ನಿಂತಿದ್ದರು. ಕಿರಣ್ ಸರ್ ಪರೀಕ್ಷೆ ಮಾಡಲು ಬಂದವರು ಲೆಕ್ಕ ತಪ್ಪಿ ಇಡ್ಲಿ ತಿಂದರು.

“ಏನ್ ಸಾರ್, ಪಾಸಾ?” ಅಂದಳು ಮಂಜುಳ, ಚಟ್ನಿ ಹಾಕುತ್ತಾ.

“ಇಡ್ಲಿ ಫಸ್ಟ್ ಕ್ಲಾಸಮ್ಮ. ನೀವು ಪಾಸಾ ಅಂತ ಕಂಪ್ಯೂಟರ್ ಹೇಳ್ಬೇಕು.”

ಕಂಪ್ಯೂಟರು ಆಗಲ್ಲ ಅಂದಿತು. ಮಂಜುಳನ ಹೆಸರಿನಲ್ಲಿ ಮಹಿಳಾ ಸಂಘದ ಒಂದು ಸಾಲವಿತ್ತು, ನಡುವೆ ಕಂತುಗಳು ತಪ್ಪಿದ್ದವು. ಕೇಳಿದರೆ ಅವಳು, “ಅದು ನಂದಲ್ಲ ಕಣಕ್ಕ” ಎಂದಳು.

“ನಿನ್ನ ಹೆಸರಲ್ಲೇ ಇದೆಯಲ್ಲವ್ವಾ?”

“ಎಸ್ರು ನಂದು, ಸಾಲ ನಮ್ ನಾದಿನಿದು.”

ಮಕ್ಕಳೇ, ಈ ಮಾತನ್ನು ನೀವು ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲಿ ಹೋದರೂ ಕೇಳುತ್ತೀರಿ. ಸಂಘದಲ್ಲಿ ಒಬ್ಬಳಿಗೆ ಸಾಲ ಸಿಗದಿದ್ದರೆ ಇನ್ನೊಬ್ಬಳು ತನ್ನ ಹೆಸರಿಗೆ ತೆಗೆದುಕೊಡುತ್ತಾಳೆ. ಅಕ್ಕಪಕ್ಕದಲ್ಲಿ ಸಕ್ಕರೆ ಕೊಟ್ಟಷ್ಟೇ ಸಲೀಸು. ಅದರಲ್ಲಿ ಮೋಸವಿಲ್ಲ, ಪ್ರೀತಿ ಇದೆ. ಆದರೆ ಪ್ರೀತಿಗೆ ಕೊಟ್ಟಿದ್ದು, ಉಪಕಾರಕ್ಕೆ ಕೊಟ್ಟಿದ್ದು ಎಂದು ಬರೆಯಲು ಕಂಪ್ಯೂಟರಿನಲ್ಲಿ ಜಾಗವಿಲ್ಲ. ಅದಕ್ಕೇ ಮನೆ ನೋಡುವ ಮೊದಲೇ ಹೆಂಗಸರನ್ನು ಪಕ್ಕಕ್ಕೆ ಕರೆದು ಕೇಳಿ, ‘ನಿನ್ನ ಹೆಸರಲ್ಲಿ ಬೇರೆ ಯಾರಾದರೂ ಸಾಲ ತಗೊಂಡಿದ್ದಾರಾ?’ ಎಂದು. ಗಂಡನ ಎದುರು ಕೇಳಬೇಡಿ, ಉತ್ತರ ಬರುವುದಿಲ್ಲ.

ಶಿವಣ್ಣನ ತಂಗಿ ಗೌರಿಯನ್ನು ಕೆ.ಆರ್. ನಗರದ ಕಡೆ, ಚುಂಚನಕಟ್ಟೆಯ ಹತ್ತಿರದ ಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದರು. ಸೀಮೆಹಸು ಕೊಳ್ಳಬೇಕೆಂದಾಗ ಅವಳ ಆಧಾರ್ ಕಾರ್ಡಿನ್ನೂ ತವರಿನ ವಿಳಾಸದಲ್ಲೇ ಇತ್ತು, ಗಂಡನ ಊರಿನ ಸಂಘದವರು ಸಾಲ ಕೊಡಲಿಲ್ಲ. ಅತ್ತಿಗೆ ತನ್ನ ಹೆಸರಿಗೆ ತೆಗೆದುಕೊಟ್ಟಿದ್ದಳು.

“ಹೋಗಿ ಕೇಳೋಣ ನಡಿ” ಎಂದೆ.

“ಬ್ಯಾಡಕ್ಕ. ಕೊಟ್ಟು ಕೇಳಿದ್ಲು ಅಂದ್ರೆ ನಾಳೆ ನಮ್ಮೋರು ನನ್ ಮೊಕ ನೋಡಾಕಿಲ್ಲ. ಮನೆ ಓದ್ರೆ ಓಗ್ಲಿ, ನೆಂಟಸ್ತನ ಉಳೀಲಿ.”

ಅವಳ ಕಣ್ಣಲ್ಲಿ ನೀರು. ಕೈ ಹಿಡಿದು ಕೆ.ಆರ್. ನಗರದ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಗದ್ದೆಗಳಲ್ಲಿ ಭತ್ತ ಕಟಾವಾಗಿ ಹುಲ್ಲಿನ ಬಣವೆ ಎದ್ದಿದ್ದವು. ಅವಳು ಅದನ್ನೇ ನೋಡುತ್ತಿದ್ದಳು. ನಾನು ಮನಸ್ಸಿನಲ್ಲೇ ರಾಮನನ್ನು ನೆನೆಯುತ್ತಾ ಕೂತೆ.

ಗೌರಿ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಕಾಫಿ ಕುಡಿದದ್ದಾಯಿತು, ಕರುವಿಗೆ ಹೆಸರಿಟ್ಟ ಕತೆ ಕೇಳಿದ್ದಾಯಿತು. ಮಂಜುಳ ಲೋಟದ ತಳ ನೋಡುತ್ತಲೇ ಇದ್ದಳು. ಕೊನೆಗೆ ನಾನೇ ವಿಷಯ ತೆಗೆದೆ. ಗೌರಿ ಮತ್ತೆ ಹಿಡಿದಿದ್ದ ಪೊರಕೆ ಬಿಸಾಕಿದಳು.

“ಅಯ್ಯೋ ಅತ್ಗೆ! ಇದನ್ನ ಏಳಕ್ಕೆ ಇಷ್ಟೊತ್ತು ಮೊಕ ಊದುಸ್ಕಂಡು ಕೂತಿದ್ಯಾ? ಅಸ ಬತ್ತಿದಾಗ ನಾಕು ಕಂತು ಇಂದೆ ಮುಂದೆ ಆಯ್ತು, ಆಮೇಲೆ ಕಟ್ಟಿವ್ನಿ. ಅದು ನಿನ್ನ ಎಸ್ರಿಗೆ ಮಸಿ ಬಳಿತದೆ ಅಂತ ನನ್ಗೇನ್ ಗೊತ್ತು? ನಮ್ಮಣ್ಣ ಮನೆ ತಗಳಕ್ಕೆ ನಾನು ಅಡ್ಡ ನಿಂತಿವ್ನಾ?”

“ಅಂಗಲ್ಲ ಕಣೇ ಗೌರಿ...”

“ಸುಮ್ಕಿರು! ಈಗ ನನ್ ಕಾರ್ಡು ಇಲ್ಲಿಗೇ ಬಂದದೆ. ಡೇರಿ ಸೊಸೈಟೀಲಿ ನನ್ನ ಎಸ್ರಲ್ಲೇ ಸಾಲ ತಗಂಡು ನಿಂದು ತೀರುಸ್ತೀನಿ. ಆದ್ರೆ ಒಂದು ಮಾತು, ಮನೆ ಒಕ್ಕಲಿಗೆ ಆರತಿ ತಟ್ಟೆಗೆ ನನ್ಗೆ ಸೀರೆನೇ ಆಕ್ಬೇಕು, ರವಿಕೆ ಕಣ ಆಕಿದ್ರೆ ಬರಾಕಿಲ್ಲ!”

ಅತ್ತಿಗೆ ನಾದಿನಿ ಇಬ್ಬರೂ ಅತ್ತು ನಕ್ಕರು. ನಾನು ಕಾಫಿ ಇನ್ನೊಂದು ಲೋಟ ಕುಡಿದೆ. ಗಟ್ಟಿ ಹಾಲಿನ ಕಾಫಿ, ಅದೂ ಪುಣ್ಯವೇ.

ಗೌರಿ ಮಾತು ತಪ್ಪಲಿಲ್ಲ. ಆದರೆ ಸಾಲ ತೀರಿದ್ದು ಕಂಪ್ಯೂಟರಿಗೆ ತಿಳಿಯಲು ಒಂದು ತಿಂಗಳ ಮೇಲೆ ಬೇಕು ಅಂದರು ಕಿರಣ್ ಸರ್. ಆ ನಡುವೆಯೇ ಮಂಜುಳನ ಫೋನು ಬಂತು. “ಓಯ್ತಕ್ಕ. ಲಾರಿ ಸುರೇಶಣ್ಣ ಗೌಡ್ರಿಗೆ ಎಲೆ ಇಟ್ಬುಟ್ರಂತೆ.” ಅವಳ ಹಿಂದಿನಿಂದ ಶಿವಣ್ಣನ ದನಿ ಕೇಳಿಸಿತು: “ಅವತ್ತು ಅಕ್ಕ ಬರ್ದೆ ಇದ್ದಿದ್ರೆ ಆ ಮನೆ ನಮ್ದಾಗಿರೋದು. ಏಳು ಅವ್ರಿಗೆ.”

ಅವಳು ಹೇಳಲಿಲ್ಲ. ನನಗೆ ಕೇಳಿಸಿತ್ತಲ್ಲ! ಅವತ್ತು ಊಟ ಸೇರಲಿಲ್ಲ. ದೇವರ ಮುಂದೆ ಕೂತರೂ ಆ ಮನೆ ಕೊಡು ಎಂದು ಬೇಡಲು ಬಾಯಿ ಬರಲಿಲ್ಲ, ಅದು ಈಗ ಇನ್ನೊಬ್ಬರದು. ಜುಮುಕಿಯ ದುಡ್ಡು ಇನ್ನೂ ಮಂಜುಳನ ಟ್ರಂಕಿನಲ್ಲೇ ಇದೆಯಲ್ಲ ಎಂದು ಅಷ್ಟಕ್ಕೇ ಕೈಮುಗಿದೆ.

ಮಂಜೂರಾತಿ ಬಂದ ದಿನ ಕಿರಣ್ ಸರ್ ಆಫೀಸಿನಿಂದಲೇ ಕೂಗಿದರು, “ಜಯಮ್ಮಾ, ಬಂತು!” ಇಂತಿಷ್ಟು ಸಾಲ, ಇಷ್ಟು ವರ್ಷ, ತಿಂಗಳಿಗೆ ಇಷ್ಟು ಕಂತು ಎಂದು ಬರೆದ ಪತ್ರ. ನೀವು ಮನೆ ಹುಡುಕಿ ತನ್ನಿ, ಅದರ ಖಾತೆ ಪತ್ರ ಸರಿಯಿದ್ದರೆ ದುಡ್ಡು ಕೊಡುತ್ತೇವೆ ಅನ್ನುವ ಮಾತು. ಅದನ್ನು ನಾನೇ ತೆಗೆದುಕೊಂಡು ಹೋಗಿ ಕೊಟ್ಟೆ. ಶಿವಣ್ಣ ನನ್ನ ಮುಖ ನೋಡದೆ ತೆಗೆದುಕೊಂಡ. ಆದರೆ ಓದುತ್ತಾ ಓದುತ್ತಾ ಅವನ ಬೆನ್ನು ನೆಟ್ಟಗಾಯಿತು. ಮಾರನೆಯ ದಿನದಿಂದ ಮನೆ ನೋಡಲು ಹೊರಟರು ನೋಡಿ, ಏನು ಗತ್ತು! ರಾವಂದೂರಿನಲ್ಲಿ ಒಂದು ಮನೆಗೆ ಹೋದಾಗ ಮಾರುವವರು ಬೆಲೆ ಹೇಳಿದರೆ ಶಿವಣ್ಣ, “ನಮ್ ಕೈಲಿ ಇಷ್ಟೇ ಆಗೋದು. ಆಯ್ತದೆ ಅಂದ್ರೆ ಏಳಿ, ತಿಂಗಳೊಳ್ಗೆ ಚೆಕ್ಕು” ಎಂದನಂತೆ. ಮಾರುವವರು ಕುರ್ಚಿ ಹಾಕಿ ಕಾಫಿ ಕೊಟ್ಟರಂತೆ. “ಇಷ್ಟು ದಿನ ನಾವು ಕೈ ಕಟ್ಕಂಡು ನಿಂತ್ಕಂತಿದ್ವಿ ಕಣಕ್ಕ” ಎಂದು ಹಿಗ್ಗಿದಳು ಮಂಜುಳ.

ಹೀಗಿರುವಾಗ ನಂಜೇಗೌಡರೇ ಶಿವಣ್ಣನಿಗೆ ಹೇಳಿಕಳಿಸಿದರು. ಲಾರಿ ಸುರೇಶನಿಗೆ ಎಲ್ಲೂ ಸಾಲ ಹುಟ್ಟಿರಲಿಲ್ಲ. ಎರಡು ಲಾರಿಯ ಕಂತು ತಲೆಮೇಲಿತ್ತು, ಮನೆಗೆ ಸಾಲ ಕೊಡುವವರು ಯಾರು? ಗೌಡರು ಕೊಟ್ಟ ಗಡುವು ಮುಗಿದಿತ್ತು. ಮಂಜುಳ ನನ್ನನ್ನೂ ಕರೆದಳು.

ನಾವು ಹೋದಾಗ ಸುರೇಶ ಗೌಡರ ಜಗಲಿಯ ಮೇಲೆ ಕೂತಿದ್ದ. ಎದ್ದು ನಿಲ್ಲಲೂ ಇಲ್ಲ, ನಮ್ಮನ್ನು ನೋಡಲೂ ಇಲ್ಲ. ಒಳಗೆ ಗೌಡರು ಜೋರಾಗಿದ್ದರು.

“ಬಾರಯ್ಯ ಮೇಸ್ತ್ರಿ! ನಿನ್ ಮನೆ ಕೊನೆಗೂ ನಿನ್ಗೇ ಬಂತು ನೋಡು. ಅದೇನೋ ಸಾಲದ ಪತ್ರ ತಗಂಡಿದ್ದೀಯಂತೆ, ತತ್ತಾ ನೋಡನ.”

ಶಿವಣ್ಣ ಕೊಟ್ಟ. ಗೌಡರು ಓದಿ ತಲೆಯಾಡಿಸಿದರು. ಮನೆಯೊಡತಿ ಎಲೆ ಅಡಿಕೆಯ ತಟ್ಟೆ ತಂದಿಟ್ಟರು. ಮಂಜುಳ ಸೆರಗಿನಿಂದ ದುಡ್ಡಿನ ಗಂಟು ತೆಗೆದಳು.

ಶಿವಣ್ಣ ಅವಳ ಕೈ ಹಿಡಿದು ನಿಲ್ಲಿಸಿದ. “ಗೌಡ್ರೆ, ಸುರೇಶಣ್ಣನ ದುಡ್ಡು?”

“ಅದು ಓಯ್ತು. ಎಲೆ ಮೇಲೆ ಇಟ್ಟಿದ್ದು ವಾಪಸ್ಸು ಎಲ್ಲವ್ನೆ ಕೊಡೋನು? ಇಲ್ಲೀಗಂಟ ನನ್ ಮನೆ ಕಟ್ಟಾಕ್ಕಂಡಿದ್ನಲ್ಲ.”

“ಅವ್ರ ದುಡ್ಡು ಅವ್ರಿಗೆ ಕೊಟ್ಬುಡಿ. ಆಮೇಲೆ ನಾವು ಎಲೆ ಇಡ್ತೀವಿ.”

“ನಿನ್ಗೇನ್ಲಾ ಅದು? ಅವ್ನೇನು ನಿನ್ ಭಾವಮೈದನಾ?”

“ಆ ಜಗಲಿ ಮೇಲೆ ಕೂರ್ಬೇಕಾಗಿದ್ದೋನು ನಾನು ಗೌಡ್ರೆ.”

ಮಂಜುಳ ಗಂಟನ್ನು ಮತ್ತೆ ಸೆರಗಿಗೆ ಸಿಕ್ಕಿಸಿಕೊಂಡಳು. “ಇನ್ನೊಬ್ರು ಕಣ್ಣೀರು ಆಕಿರೋ ಮನೇಲಿ ನಾನು ಆಲು ಉಕ್ಸಾಕಿಲ್ಲ” ಎಂದಳು.

ಗೌಡರು ಕೆಂಪಾದರು. “ಗಾರೆ ಮೇಸ್ತ್ರಿಗೆ ಏನ್ ಕೊಬ್ಬಯ್ಯ!” ಎಂದು ಅಂಗಳಕ್ಕೆಲ್ಲ ಕೇಳುವಂತೆ ಕೂಗಾಡಿದರು. ಶಿವಣ್ಣ ಅಲುಗಲಿಲ್ಲ. ಕೈಚಾಚಿ ತನ್ನ ಪತ್ರ ವಾಪಸು ಕೇಳಿದ. ಗೌಡರು ಅದನ್ನು ಕೊಡದೆ ಇನ್ನೊಂದು ಸಲ ಓದಿದರು. ಅವರ ಹೊಸ ಮನೆಗೆ ಟೈಲ್ಸ್ ಹಾಕುವವರು ದುಡ್ಡಿಗೆ ಕಾಯುತ್ತಿದ್ದರೆಂದು ನಮಗೆಲ್ಲ ಗೊತ್ತಿತ್ತು. ಕೊನೆಗೆ ಒಳಗೆ ಹೋಗಿ ಚೆಕ್ ಪುಸ್ತಕ ತಂದರು. ಸುರೇಶನನ್ನು ಒಳಗೆ ಕರೆದರು.

ಸುರೇಶ ಚೆಕ್ಕನ್ನು ಮಡಿಸಿ ಜೇಬಿಗೆ ಇಟ್ಟುಕೊಂಡ. ಶಿವಣ್ಣ ಅವನಿಗೆ ಕೂರಲು ಜಾಗ ಬಿಟ್ಟುಕೊಟ್ಟು ಹೇಳಿದ: “ಕೂತ್ಕಳಿ ಅಣ್ಣ. ನಿಮ್ಮ ಕೈಯಿಂದ್ಲೇ ತಟ್ಟೆ ಮುಟ್ಟಿ ಕೊಡಿ, ಆಮೇಲೆ ಇಡ್ತೀನಿ.” ಹಾಗೇ ಆಯಿತು. ಮೊದಲು ಸುರೇಶನ ಕೈ, ಆಮೇಲೆ ಮಂಜುಳನ ಕೈ. ಜುಮುಕಿಯ ದುಡ್ಡು ಎಲೆಯ ಮೇಲೆ ಕೂತಾಗ ನಾನು ನಾಚಿಕೆಯಿಲ್ಲದೆ ಚಪ್ಪಾಳೆ ಹೊಡೆದುಬಿಟ್ಟೆ!

ಹೊರಗೆ ಬಂದಾಗ ಶಿವಣ್ಣ ಬಹಳ ದಿನಗಳ ಮೇಲೆ ನನ್ನ ಮುಖ ನೋಡಿ ಮಾತಾಡಿದ. “ಬಸ್ ಸ್ಟ್ಯಾಂಡಿಗೆ ಬುಡ್ತೀನಿ ಬಾಕ್ಕ. ಬೈಕು ಅದೆ.”

ಸಂಜೆ ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿದೆ, ಗೌಡರ ಕೂಗಾಟವನ್ನೂ ಮಾಡಿ ತೋರಿಸಿದೆ. ಅವರು ನಕ್ಕೂ ನಕ್ಕೂ ಕೆಮ್ಮಿದರು. ಮಾರನೆಯ ದಿನ ರಾಗಿಯನ್ನು ಮಿಲ್ಲಿಗೆ ಹಾಕಿಸಬೇಕಿತ್ತು, ಇನ್ನೂ ಕಲ್ಲು ಆರಿಸಿರಲಿಲ್ಲ. ದೇವರಿಗೆ ದೀಪ ಹಚ್ಚಿ, ಮೊರ ತೆಗೆದುಕೊಂಡು ಬೆಳಕಿರುವ ಕಡೆ ಕೂತು ಕೇರತೊಡಗಿದೆ.